ಹಳೇ ಅನಲಾಗ್ ಸಿಂಥ್ ತಗೊಳ್ಳೋಕೆ ಹೊರಟಿದ್ದೀರಾ? ಮೊದಲು ಒಂದು ಗಂಟೆ ಆನ್ ಮಾಡಿಡಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಕೀಬೋರ್ಡ್ ನುಡಿಸೋ ಹುಡುಗರಿಗೆ ಈಗ ಹಳೇ ಅನಲಾಗ್ ಸಿಂಥಸೈಜರ್ (ಸಿಂಥ್), ಅಂದ್ರೆ ಡಿಜಿಟಲ್ ಲೆಕ್ಕದಿಂದಲ್ಲ, ನೇರ ಎಲೆಕ್ಟ್ರಾನಿಕ್ ಸರ್ಕ್ಯೂಟಿಂದಲೇ ಸದ್ದು ಹುಟ್ಟಿಸೋ ಕೀಬೋರ್ಡಿನ ಹುಚ್ಚು ಹತ್ತಿದೆ. ಮೊಬೈಲಲ್ಲಿ ಫೋಟೋ ನೋಡ್ತಾರೆ, ಬೆಂಗಳೂರು ಬಸ್ ಹತ್ತುತ್ತಾರೆ, ಮಾರೋರ ಮನೇಲಿ ಸ್ವಿಚ್ ಹಾಕಿ ಎರಡು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು) ಒತ್ತಿ "ಆಹಾ ಏನ್ ಸೌಂಡು" ಅಂತ ದುಡ್ಡು ಎಣಿಸಿ ಕೊಟ್ಟು ಬರ್ತಾರೆ. ಆಮೇಲೆ ಶುರು, ಒಂದು ಸ್ವರ ಬರ್ತಿಲ್ಲ, ಶ್ರುತಿ ನಿಲ್ತಿಲ್ಲ, ಒಳಗಿಂದ ಏನೋ ಸುಟ್ಟ ವಾಸನೆ. ಎಷ್ಟು ಜನ ಹೀಗೆ ಕೈ ಸುಟ್ಕೊಂಡಿದ್ದು ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಬಹಳಷ್ಟು ಜನಕ್ಕೆ ಹೊಸದೇ ಸಾಕು. ಹಳೇದೇ ಬೇಕು ಅಂತ ಹಟ ಇದ್ರೆ ಮುಂದೆ ಓದಿ.

ಮೊದಲನೇದು, ನಿಮಗೆ ಬೇಕಾಗಿರೋದು ಅನಲಾಗೇನಾ? ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ತಬಲಾ, ಶಹನಾಯಿ, ರಿದಂ ಎಲ್ಲಾ ಬೇಕು ಅಂದ್ರೆ ಅನಲಾಗ್ ಸಿಂಥಲ್ಲಿ ಅದ್ಯಾವುದೂ ಇರಲ್ಲ, ಇಂಡಿಯನ್ ಟೋನ್ ಇರೋ, ತಾಳ-ಹಿಮ್ಮೇಳ ತಾನೇ ನುಡಿಸೋ ಅರೇಂಜರ್ ಕೀಬೋರ್ಡ್ ತಗೊಂಡು ಸುಮ್ನಿರಿ. ಇನ್ನೊಂದು, ಹಳೇದೆಲ್ಲಾ ಅನಲಾಗ್ ಅಲ್ಲ. 1983ರ ಯಮಾಹಾ ಡಿಎಕ್ಸ್7 ಪೂರ್ತಿ ಡಿಜಿಟಲ್ಲು, ಅದನ್ನೂ "ವಿಂಟೇಜ್ ಅನಲಾಗ್" ಅಂತ ಮಾರೋರು ಇದ್ದಾರೆ.

ಎರಡನೇದು, ಸ್ವಿಚ್ ಹಾಕೋಕೆ ಮುಂಚೆ ಹಿಂದುಗಡೆ ಇರೋ ಪ್ಲೇಟ್ ಓದಿ. ಜಪಾನಲ್ಲಿ ಮಾರಿದ್ದು 100 ವೋಲ್ಟು, ಅಮೆರಿಕದ್ದು 117 ಅಥವಾ 120, ನಮ್ಮ ಮನೆ ಸಾಕೆಟ್ಟು 230. ನೇರ ಚುಚ್ಚಿದ್ರೆ ಟ್ರಾನ್ಸ್‌ಫಾರ್ಮರ್ ಹೋಯ್ತು ಅಂತಾನೇ ಲೆಕ್ಕ. ವೋಲ್ಟೇಜ್ ಇಳಿಸೋ ಸರಿಯಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಫಾರಿನ್ ಟೂರಿಗೆ ಹೋಗೋರು ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಾರಲ್ಲ ಆ ಅಂಗೈ ಅಗಲದ ಕನ್ವರ್ಟರ್ ಬೇಡವೇ ಬೇಡ.

ಈಗ ಎಲ್ಲರೂ ಎಡವೋ ಜಾಗ. ಆನ್ ಮಾಡಿ, ಒಂದು ಗಂಟೆ ಹಾಗೇ ಬಿಡಿ. ಮಾರೋರು ಕಾಫಿ ಕೊಟ್ರೆ ಕುಡೀರಿ, ಮಾತಾಡಿ, ಆದ್ರೆ ಆಫ್ ಮಾಡೋಕೆ ಬಿಡಬೇಡಿ. ಯಾಕೆ ಅಂದ್ರೆ 1970ರ ಮಿನಿಮೂಗ್ ಥರದ ಸಿಂಥಲ್ಲಿ ಸ್ವರ ಹುಟ್ಟಿಸೋ ಆಸಿಲೇಟರು ವೋಲ್ಟೇಜ್ ಮೇಲೆ ನಡೆಯೋದು, ಒಳಗಿನ ಟ್ರಾನ್ಸಿಸ್ಟರ್ ಬಿಸಿಯಾದಂಗೆ ಶ್ರುತಿ ಸರಿಯುತ್ತೆ. ಮೊದಲ ಅರ್ಧ ಗಂಟೆ ಶ್ರುತಿ ಸರಿದ್ರೆ ಅದು ಅದರ ಸ್ವಭಾವ, ಗಂಟೆ ಆದ್ರೂ ಸರೀತಾನೇ ಇದ್ರೆ ಖಾಯಿಲೆ. ಮೊಬೈಲಲ್ಲಿ ಟ್ಯೂನರ್ ಆಪ್ ಹಾಕ್ಕೊಳ್ಳಿ, ಮೂರು ಆಸಿಲೇಟರಲ್ಲಿ ಎರಡನ್ನ ಆಫ್ ಮಾಡಿ ಒಂದೊಂದೇ ಕೇಳಿ, ಕೆಳಗಿನ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಹೊಂದುತ್ತಾ ನೋಡಿ. ಕೆಳಗೆ ಸರಿಯಿದ್ದು ಮೇಲೆ ಹೋದಂಗೆ ಬೇಸೂರಾದ್ರೆ ಒಳಗೆ ಕ್ಯಾಲಿಬ್ರೇಷನ್, ಅಂದ್ರೆ ಶ್ರುತಿ ಹೊಂದಿಸೋ ಕೆಲಸ ಇದೆ, ಅದಕ್ಕೆ ಬೇರೆ ದುಡ್ಡು.

1984ರ ರೋಲ್ಯಾಂಡ್ ಜುನೋ-106ರಲ್ಲಿ ಈ ತಲೆನೋವಿಲ್ಲ, ಅದರ ಆಸಿಲೇಟರ್ ಡಿಜಿಟಲ್ ಕ್ಲಾಕ್ ಹಿಡಿದು ನಡೆಯೋದರಿಂದ ಶ್ರುತಿ ಅಲ್ಲಾಡಲ್ಲ. ಅದರ ರೋಗ ಬೇರೆ. ಒಳಗೆ 80017ಎ ಅನ್ನೋ ಆರು ಚಿಪ್ ಇವೆ, ಒಂದೊಂದು ವಾಯ್ಸಿಗೆ (ಒಟ್ಟಿಗೆ ನುಡಿಯೋ ಸ್ವರಗಳಲ್ಲಿ ಒಂದನ್ನ ನುಡಿಸೋ ಭಾಗಕ್ಕೆ) ಒಂದೊಂದು, ಮೇಲೆ ಕರೀ ಲೇಪ. ವರ್ಷ ಕಳೆದಂಗೆ ಆ ಲೇಪದಲ್ಲೇ ಕರೆಂಟ್ ಲೀಕ್ ಆಗಿ ಚಿಪ್ ಕೈಕೊಡುತ್ತೆ. ಕಂಡುಹಿಡಿಯೋದು ಸುಲಭ ಆದ್ರೆ ಯಾರೂ ಮಾಡಲ್ಲ. ಮೊದಲು ಸದ್ದನ್ನ ದಪ್ಪ ಮಾಡೋ ಕೋರಸ್ ಎಫೆಕ್ಟ್ ಆಫ್ ಮಾಡಿ, ಕೋರಸ್ ಹಾಕಿ ತೋರಿಸೋರ ಹತ್ರ ಹುಷಾರು, ಅದು ಎಲ್ಲಾ ತಪ್ಪನ್ನೂ ಮುಚ್ಚಿಹಾಕುತ್ತೆ. ರಿಲೀಸ್ (ಕೈ ತೆಗೆದ್ಮೇಲೆ ಸದ್ದು ಎಷ್ಟು ಹೊತ್ತು ಉಳೀಬೇಕು ಅನ್ನೋದು) ಪೂರ್ತಿ ಇಳಿಸಿ, ಪಾಲಿ-1 ಮೋಡಲ್ಲಿ ಒಂದೇ ಕೀಯನ್ನ ನಿಧಾನಕ್ಕೆ ಹನ್ನೆರಡು ಸಲ ಒತ್ತಿ, ಆರೂ ವಾಯ್ಸು ಸರದಿ ಮೇಲೆ ಬರ್ತವೆ. ಆರಕ್ಕೊಂದು ಸಲ ಮೂಕಾದ್ರೆ, ಚರಚರ ಅಂದ್ರೆ, ಇಲ್ಲಾ ಕೈ ತೆಗೆದ್ಮೇಲೂ ಸದ್ದು ಉಳಿದ್ರೆ ಆ ಚಿಪ್ ಹೋಗಿದೆ. ಆಮೇಲೆ ಸದ್ದಿನ ಚುರುಕು ಕಮ್ಮಿ ಮಾಡೋ ಫಿಲ್ಟರ್ ಅರ್ಧಕ್ಕೆ ಇಳಿಸಿ, ಫಿಲ್ಟರ್ ಕತ್ತರಿಸೋ ಜಾಗದ ಸದ್ದನ್ನ ಎತ್ತಿ ತೋರಿಸೋ ರೆಸೊನೆನ್ಸ್ ಏರಿಸಿ ಮತ್ತೆ ಹನ್ನೆರಡು ಸಲ, ಆರೂ ಒಂದೇ ಥರ ಕೇಳಬೇಕು. ಚಿಪ್ಪನ್ನ ಬಿಚ್ಚಿ ಅಸಿಟೋನಲ್ಲಿ ನೆನೆಸಿ ಲೇಪ ತೆಗೆಯೋ ಉಪಾಯ ಇದೆ, ಎಷ್ಟೋ ಸಲ ಜೀವ ಬರುತ್ತೆ, ಆದ್ರೆ ಸಾಲ್ಡರಿಂಗ್ ಕೈ ಪಳಗಿಲ್ದೋರು ಬೋರ್ಡಿನ ಟ್ರ್ಯಾಕನ್ನೇ ಕಿತ್ತಿಟ್ಟಿದ್ದಾರೆ. ಹೊಸದಾಗಿ ತಯಾರಾದ ಬದಲಿ ಚಿಪ್ಪೂ ಸಿಗುತ್ತೆ, ನಾನಾದ್ರೆ ಅದನ್ನೇ ಹಾಕಿಸ್ತೀನಿ.

ಕೋರ್ಗ್ ಪಾಲಿಸಿಕ್ಸ್ ಆದ್ರೆ ಮುಚ್ಚಳ ತೆಗೆಸದೆ ಮಾತೇ ಆಡಬೇಡಿ. 1981ರ ಮಾಡಲ್ಲು, ಮೆಮೊರಿಗೆ ಅಂತ ಬೋರ್ಡ್ ಮೇಲೇ ಒಂದು ರೀಚಾರ್ಜ್ ಬ್ಯಾಟರಿ ಕೂರಿಸಿದ್ದಾರೆ, ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನ ತಿಂದುಬಿಡುತ್ತೆ. ಹಸಿರು ಪುಡಿ ಕಂಡ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಸ್ಲೈಡರ್, ನಾಬ್, ಕೀ ಎಲ್ಲಾ ಒಂದ್ಸಲ ಆಡಿಸಿ ನೋಡಿ, ಗರಗರ ಅಂದ್ರೆ ಕ್ಲೀನ್ ಮಾಡಿದ್ರೆ ಹೋಗುತ್ತೆ. ಆದ್ರೆ ಬೈಕ್ ಚೈನಿಗೆ ಹೊಡೆಯೋ ಸ್ಪ್ರೇ ತಂದು ಇದಕ್ಕೂ ಹೊಡೀಬೇಡ್ರಪ್ಪಾ, ಎರಡು ದಿನ ಚೆನ್ನಾಗಿರುತ್ತೆ, ಆಮೇಲೆ ಧೂಳೆಲ್ಲಾ ಅಂಟಿ ಮೊದಲಿಗಿಂತ ಹಾಳು.

ಇನ್ನು ಹೊಸದರ ಕತೆ. ಅನಲಾಗೇ ಬೇಕು ಅಂದ್ರೂ ಹಳೇದೇ ಆಗಬೇಕು ಅಂತಿಲ್ವಲ್ಲ. 2016ರಲ್ಲಿ ಬಂದ ಕೋರ್ಗ್ ಮಿನಿಲಾಗ್ ನಾಲ್ಕು ವಾಯ್ಸಿನ ಅಪ್ಪಟ ಅನಲಾಗು, ಬೆರಿಂಗರ್ ಡೀಪ್‌ಮೈಂಡ್ 12ರಲ್ಲಿ ಹನ್ನೆರಡು ವಾಯ್ಸು, ಜೊತೆಗೆ ಮಿಡಿ (ಬೇರೆ ಕೀಬೋರ್ಡ್, ಕಂಪ್ಯೂಟರ್ ಜೊತೆ ಜೋಡಿಸೋ ವ್ಯವಸ್ಥೆ), ಯುಎಸ್‌ಬಿ, ವಾರಂಟಿ. ದುಡ್ಡಿದ್ದೋರಿಗೆ 1978ರ ಪ್ರಾಫೆಟ್-5 ಕೂಡ 2020ರಲ್ಲಿ ಹೊಸದಾಗಿ ಬಂದಿದೆ. ಬರೀ ರೆಕಾರ್ಡಿಂಗಿಗೆ ಅಂದ್ರೆ ಲ್ಯಾಪ್‌ಟಾಪಲ್ಲಿ ಜುನೋ ಥರದ ಸಾಫ್ಟ್‌ವೇರ್ ಹಾಕಿ, ತಬಲಾ ಕೊಳಲು ಎಲ್ಲಾ ಸೇರಿದ ಮಿಕ್ಸಲ್ಲಿ ವ್ಯತ್ಯಾಸ ಹೇಳೋರು ನನಗಂತೂ ಸಿಕ್ಕಿಲ್ಲ. ಹಳೇದರಲ್ಲಿ ಏನೋ ಒಂದು ಸೊಗಸಿದೆ, ಇಲ್ಲ ಅನ್ನಲ್ಲ, ಒಬ್ಬನೇ ಕೂತು ಮಿನಿಮೂಗಿನ ಬೇಸ್ ನುಡಿಸಿದ್ರೆ ಎದೆಗೇ ತಾಗುತ್ತೆ. ಆದ್ರೆ ಆ ಸೊಗಸಿಗೆ ಲಕ್ಷಗಟ್ಟಲೆ ಕೊಡೋಕೆ ಮುಂಚೆ ರಿಪೇರಿ ಮಾಡೋರು ಯಾರು, ಅವರ ಹತ್ರ ಒಯ್ಯೋದು ಹೇಗೆ ಅಂತ ಕೇಳ್ಕೊಳ್ಳಿ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ರ ಟಿವಿ ರಿಪೇರಿ ಮಾಡೋರ ಕೈಗೆ ಕೊಡೋ ವಸ್ತು ಅಲ್ಲ ಇದು.

ತಂದ್ಮೇಲೆ ಮಳೆಗಾಲ. ಸಕಲೇಶಪುರ, ಮೂಡಿಗೆರೆ ಕಡೆಯೋರು ಜೂನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೇಲಿ ಮುಚ್ಚಿಟ್ಟು ಮರೆತುಬಿಡಬೇಡಿ, ಪೆಟ್ಟಿಗೆ ಒಳಗೇ ಬೂಸ್ಟು ಹಿಡಿಯುತ್ತೆ. ಹತ್ತಿ ಬಟ್ಟೆ ಹೊದಿಸಿ, ಗೋಡೆಯಿಂದ ದೂರ ಇಡಿ, ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ, ಒಳಗಿನ ಬಿಸಿಗೇ ತೇವ ಆರುತ್ತೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೇಲಿ ಪ್ಲಗ್ಗನ್ನೇ ಕಿತ್ತಿಡಿ, ಸ್ಪೈಕ್ ಬಸ್ಟರ್ ಇದೆ ಅಂತ ಧೈರ್ಯ ಬೇಡ, ಸಿಡಿಲಿಗೆ ಅದು ಯಾವ ಲೆಕ್ಕ. ಹಾಂ, ಬೆಂಗಳೂರಿಂದ ತರೋವಾಗ ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಸ್ಲೈಡರ್ ಮೇಲೆ ಯಾರದೋ ಅಕ್ಕಿ ಮೂಟೆ ಕೂರುತ್ತೆ. ಕಾರಿನ ಹಿಂದಿನ ಸೀಟಲ್ಲಿ ಹಾಸಿಗೆ ಸುತ್ತಿ ಮಲಗಿಸ್ಕೊಂಡು ಬನ್ನಿ.