ಪ್ಲಾಸ್ಟಿಕ್ ವಿಮಾನ ಕಟ್ತೀನಿ ಅಂತ ಆಫೀಸಲ್ಲಿ ಹೇಳೋದು

ಬಿಡುವಿನಲ್ಲಿ ನಾನು ಸ್ಕೇಲ್ ಮಾಡೆಲ್ ಕಟ್ಟುತ್ತೇನೆ. ಅಂದರೆ ಕಿಟ್‌ನಲ್ಲಿ ಬರುವ ಬಿಡಿ ಭಾಗಗಳನ್ನು ಅಂಟಿಸಿ, ಬಣ್ಣ ಬಳಿದು ಮಾಡುವ, ನಿಜವಾದದ್ದರ ಅಳತೆಯನ್ನೇ ಕುಗ್ಗಿಸಿದ ಪ್ಲಾಸ್ಟಿಕ್ ಮಾದರಿ. ಹೆಚ್ಚಾಗಿ ವಿಮಾನ, ಆಗೊಂದು ಈಗೊಂದು ಟ್ಯಾಂಕ್. ಇದನ್ನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಹೇಳಬೇಕಾದರೆ ಸ್ವಲ್ಪ ಧೈರ್ಯ ಬೇಕು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗುತ್ತೇನೆ ಅಂದರೆ ಯಾರೂ ಮುಂದಕ್ಕೆ ಏನೂ ಕೇಳುವುದಿಲ್ಲ. ವಿಮಾನ ಅಂದ ತಕ್ಷಣ ಮೊದಲ ಪ್ರಶ್ನೆ, "ಹಾರುತ್ತಾ?" ಇಲ್ಲ ಅಂದರೆ, "ಮಗೂಗಾ ಸಾರ್?" ಅದೂ ಅಲ್ಲ ಅಂದಮೇಲೆ ಒಂಥರಾ ಮೌನ. ಮಾತು ಮೆಲ್ಲಗೆ ಪಿ.ಎಫ್. ಕಡೆಗೋ ಮಳೆ ಕಡೆಗೋ ತಿರುಗುತ್ತದೆ.

ವಿವರಿಸೋಕೆ ಹೋದರೆ ಇನ್ನೂ ಕೆಡುತ್ತದೆ. ಪ್ರೈಮರ್, ವಾಶ್, ಡ್ರೈಬ್ರಷ್ ಅಂತ ಶುರು ಮಾಡಿದರೆ ಕೇಳುವವರ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಅದಕ್ಕೇ ವಸ್ತುವನ್ನೇ ಎದುರಿಗೆ ಇಡುತ್ತೇನೆ, ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅವರು ಏನು ಕೇಳುತ್ತಾರೋ ಅದಕ್ಕಷ್ಟೇ ಉತ್ತರ.

ನನಗೆ ಹೀಗೆ ತೋರಿಸೋಕೆ ಸಮಯ ಕೂಡಿಬಂದದ್ದು ಮಿಗ್-21ರಿಂದ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಈ ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾಯಿತು. ಅವತ್ತು ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅದೇ ವಿಡಿಯೊ ಹಾಕುತ್ತಿದ್ದರು. ನಾನು ಮನೆಯ ಶೋಕೇಸಿನಲ್ಲಿದ್ದ ಮಿಗ್‌ನ ಫೋಟೊ ಹಾಕಿ, "ಇದು ನಾನು ಕಟ್ಟಿದ್ದು" ಅಂತ ಒಂದೇ ಸಾಲು ಬರೆದೆ. ಹೆಬ್ಬೆರಳುಗಳ ಮಳೆ. ನಮ್ಮ ಸ್ಟೋರ್ಸ್ ಮೇಡಂ ಮಾತ್ರ, "ಸುಮ್ನೆ ಫೋಟೊ ಹಾಕಿದ್ರೆ ಆಗಲ್ಲ, ತಗೊಂಡ್ ಬನ್ನಿ" ಅಂದರು.

ತಗೊಂಡು ಹೋದೆ. ಸ್ವೀಟ್ ಬಾಕ್ಸಿನಲ್ಲಿ ಸ್ಪಂಜು ಹಾಸಿ ಇಟ್ಟಿದ್ದೆ. ಮೈಸೂರು ಪಾಕ್ ಅಂದುಕೊಂಡು ಕೈ ಹಾಕಿದವರೂ ಇದ್ದರು.

ಮಿಗ್‌ನ ಮೂತಿಯಿಂದ ಮುಂದಕ್ಕೆ ಒಂದು ಉದ್ದನೆಯ ಕಡ್ಡಿ ಚಾಚಿರುತ್ತದೆ. ಅದು ಪಿಟಾಟ್ ಟ್ಯೂಬ್. ಎದುರಿನಿಂದ ನುಗ್ಗುವ ಗಾಳಿಯ ಒತ್ತಡದಿಂದ ವೇಗ ಅಳೆಯುವುದಕ್ಕೆ. ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಕಡ್ಡಿ ಯಾರಾದರೂ ಮುಟ್ಟಿದರೆ ಸಾಕು, ಪಟ್ ಅನ್ನುತ್ತದೆ. ಹಾಗಾಗಿ ಅದನ್ನು ಕತ್ತರಿಸಿ, ಮೆಡಿಕಲ್ ಶಾಪಿನಿಂದ ಇಂಜೆಕ್ಷನ್ ಸೂಜಿ ತಂದು, ತುದಿ ಉಜ್ಜಿ ಮೊಂಡು ಮಾಡಿ, ಮೂತಿಯಲ್ಲಿ ಸಣ್ಣ ತೂತು ಕೊರೆದು ಕೂರಿಸಿದ್ದೇನೆ. ಬಣ್ಣ ಬಳಿದ ಮೇಲೆ ಸೂಜಿ ಅಂತ ಗೊತ್ತೇ ಆಗಲ್ಲ. ಕ್ಯಾಂಟೀನಿನಲ್ಲಿ ಈ ಸೂಜಿ ವಿಷಯ ಓಡಿದಷ್ಟು ವಿಮಾನದ ವಿಷಯ ಓಡಲಿಲ್ಲ. "ಬರೀ ಸೂಜಿ ಕೇಳಿದ್ದಕ್ಕೆ ಮೆಡಿಕಲ್ ಶಾಪಿನೋರು ಏನಂದ್ರು?" ಅಂತ ಇವತ್ತಿಗೂ ರೇಗಿಸುತ್ತಾರೆ.

ಆ ಬಾಕ್ಸಿನ ಜೊತೆ ಇನ್ನೂ ಕಟ್ಟದ ಕಿಟ್‌ನ ಒಂದು ಫ್ರೇಮನ್ನೂ ಒಯ್ದಿದ್ದೆ. ಬಿಡಿ ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ನಾವು ಇದನ್ನು ಸ್ಪ್ರೂ ಅನ್ನುತ್ತೇವೆ. ನಮ್ಮ ಟೂಲ್‌ರೂಮಿನ ಹಿರಿಯರೊಬ್ಬರು ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಮಜ್ಜಿಗೆ ಲೋಟ ಪಕ್ಕಕ್ಕಿಟ್ಟು ಆ ಫ್ರೇಮನ್ನು ಬೆಳಕಿಗೆ ಹಿಡಿದರು. "ಇಲ್ನೋಡಿ, ಗೇಟ್ ಇಲ್ಲಿ ಕೊಟ್ಟವ್ನೆ. ಇದು ಎಜೆಕ್ಟರ್ ಪಿನ್ ಗುರುತು. ಕಾಣಬಾರ್ದು ಅಂತ ಒಳಮೈಗೆ ಬರೋ ಹಂಗೆ ಇಟ್ಟವ್ನೆ. ಡೈ ಮಾಡಿರೋನು ಕಿಲಾಡಿ ಕಣ್ರೀ." ಡೈ ಅಂದರೆ ಕರಗಿದ ಪ್ಲಾಸ್ಟಿಕ್ ತುಂಬುವ ಲೋಹದ ಅಚ್ಚು. ಪ್ಲಾಸ್ಟಿಕ್ ಒಳಗೆ ಹೋಗುವ ಬಾಯಿ ಗೇಟ್, ಗಟ್ಟಿಯಾದ ಮೇಲೆ ಅದನ್ನು ಹೊರಕ್ಕೆ ತಳ್ಳುವ ಕಡ್ಡಿ ಎಜೆಕ್ಟರ್ ಪಿನ್.

ಅವರಿಗೆ ವಿಮಾನದ ಗಂಧವೂ ಇಲ್ಲ. ಆದರೆ ಮೋಲ್ಡಿಂಗ್ ಅವರ ಅನ್ನ. ನಾನೂ ಒಂದು ಪ್ರಶ್ನೆ ಕೇಳಿದೆ. ಹಳೇ ಕಿಟ್‌ಗಳಲ್ಲಿ ತಗಡಿನ ಜೋಡಣೆ ತೋರಿಸುವ ಗೆರೆಗಳು ಉಬ್ಬಿರುತ್ತವೆ, ಹೊಸದರಲ್ಲಿ ತಗ್ಗಾಗಿರುತ್ತವೆ, ಯಾಕೆ? ಅವರು ಟೇಬಲ್ ಮೇಲೆ ಬೆರಳಲ್ಲೇ ಬರೆದು ತೋರಿಸಿದರು. ಡೈಯಲ್ಲಿ ಎಲ್ಲ ಉಲ್ಟಾ. ಡೈಯಲ್ಲಿ ಒಂದು ಗೀರು ಎಳೆದರೆ ಪ್ಲಾಸ್ಟಿಕ್ಕಿನ ಮೇಲೆ ಅದು ಉಬ್ಬಿ ಬರುತ್ತದೆ, ಅದು ಸುಲಭ. ಪ್ಲಾಸ್ಟಿಕ್ಕಿನಲ್ಲಿ ತಗ್ಗು ಬೇಕು ಅಂದರೆ ಡೈಯಲ್ಲಿ ಕೂದಲೆಳೆಯಷ್ಟು ಗೆರೆ ಉಳಿಸಿ ಸುತ್ತಲಿನ ಲೋಹವನ್ನೆಲ್ಲ ತೆಗೆಯಬೇಕು. ಊಟದ ಟೈಮ್ ಮುಗಿದದ್ದೇ ಗೊತ್ತಾಗಲಿಲ್ಲ. ಇಷ್ಟೊಂದು ಕಿಟ್ ಕೊಂಡಿದ್ದರೂ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಹವ್ಯಾಸದ ಬಗ್ಗೆ ಹೇಳಿಕೊಂಡರೆ ಸಿಗುವ ಲಾಭ ಇಂಥದ್ದು. ಮೆಚ್ಚುಗೆಯಲ್ಲ, ಇದು.

ಅವತ್ತಿನಿಂದ ಯಾರ ಹತ್ತಿರ ಯಾವ ಬಾಗಿಲಿನಿಂದ ಹೋಗಬೇಕು ಅಂತ ಯೋಚಿಸುತ್ತೇನೆ. ಮೇಂಟೆನೆನ್ಸ್ ಹುಡುಗರಿಗೆ ಅಂಟಿನ ವಿಷಯ ಹಿಡಿಸುತ್ತದೆ. ಈ ಕಿಟ್‌ಗಳು ಪಾಲಿಸ್ಟೈರೀನ್. ಇದಕ್ಕೆ ಹಾಕುವ ಸಿಮೆಂಟ್ ಫೆವಿಕಾಲ್ ಥರ ನಡುವೆ ಕೂತು ಹಿಡಿಯುವುದಿಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡಿಬಿಡುತ್ತದೆ. "ಹಂಗಾದ್ರೆ ವೆಲ್ಡಿಂಗ್ ಅನ್ನಿ ಸಾರ್" ಅಂದ ಒಬ್ಬ. ಹೌದು, ವೆಲ್ಡಿಂಗೇ.

ಸ್ಕೇಲ್ ಅಂದರೆ ಏನು ಅಂತ ಕೇಳುವವರಿಗೆ ನನ್ನ ಹತ್ತಿರ ಅರಮನೆ ಇದೆ. ನಾನು ಜಾಸ್ತಿ ಕಟ್ಟುವುದು 1:72. ಆರು ಅಡಿಗೆ ಒಂದು ಇಂಚು, ಅಷ್ಟೇ ಲೆಕ್ಕ. ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ನಮ್ಮ ಅಂಬಾವಿಲಾಸ ಅರಮನೆಯ ಗೋಪುರದ ಎತ್ತರ 145 ಅಡಿ. ಇದೇ ಸ್ಕೇಲಿನಲ್ಲಿ ಕಟ್ಟಿದರೆ ಎರಡು ಅಡಿ ಚಿಲ್ಲರೆ. ಮೈಸೂರಿನವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಡ. "ಹಂಗಾದ್ರೆ ಅರಮನೆನೇ ಕಟ್ಟಿ" ಅನ್ನುತ್ತಾರೆ, ಅದು ಬೇರೆ ಮಾತು.

"ನಮ್ಮ ದೇಶದ್ದು ಯಾವುದೂ ಇಲ್ವಾ?" ಅನ್ನುವವರಿಗೆ ಮಾರುತ್ ಕಥೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ ಜೆಟ್ ಫೈಟರ್. ವಿನ್ಯಾಸದ ಮುಖ್ಯಸ್ಥ ಜರ್ಮನಿಯ ಕುರ್ಟ್ ಟ್ಯಾಂಕ್, ಮೊದಲ ಹಾರಾಟ 1961ರ ಜೂನ್ 17. ಸ್ಕೂಲ್ ಟೂರ್‌ನಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದವರು ಹೊರಗೆ ನಿಲ್ಲಿಸಿರುವ ವಿಮಾನ ನೆನಪಿಸಿಕೊಳ್ಳುತ್ತಾರೆ. ಅದೇ ಇದು ಅಂದರೆ ಮುಖ ಅರಳುತ್ತದೆ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಕೆಲವು ಗೆಳೆಯರು ಮನೆಯಲ್ಲಿ ಅರ್ಧ ಬೆಲೆ ಹೇಳುತ್ತಾರೆ. ನನಗದು ಸರಿ ಕಾಣಲ್ಲ. ಸಾಧಾರಣ ಕಿಟ್‌ಗೆ ಸಾವಿರದಿಂದ ಎರಡು ಸಾವಿರ ಆಗುತ್ತದೆ, ಬಣ್ಣ ಬೇರೆ, ಅಂತ ನೇರವಾಗಿ ಹೇಳುತ್ತೇನೆ. ಒಂದು ಕಿಟ್ ತಿಂಗಳುಗಟ್ಟಲೆ ನಡೆಯುತ್ತದೆ. ಫ್ಯಾಮಿಲಿ ಸಮೇತ ಮಾಲ್‌ಗೆ ಹೋಗಿ ಸಿನಿಮಾ ನೋಡಿ ಊಟ ಮಾಡಿ ಬಂದರೆ ಆ ದುಡ್ಡು ಒಂದು ಸಂಜೆಗೆ ಖಾಲಿ. ಅಕೌಂಟ್ಸಿನವರು ಈ ಲೆಕ್ಕಕ್ಕೆ ತಲೆಯಾಡಿಸಿದರು. "ಮಾಡಕ್ಕೆ ಬೇರೆ ಕೆಲಸ ಇಲ್ವಾ" ಅನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಕೊಡುವುದಿಲ್ಲ, ಟೀ ಕುಡಿಯುತ್ತೇನೆ.

ಬೀದಿಯವರಿಗೆ ಹೇಳಿದ್ದು ನಾನಲ್ಲ, ಅಮ್ಮ. ಮಿಗ್ ನಿವೃತ್ತಿಯಾದದ್ದು ಸರಿಯಾಗಿ ನವರಾತ್ರಿಯಲ್ಲಿ ಅಲ್ವಾ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಅಮ್ಮ ಆ ವರ್ಷ ಪೈರಿನ ನಡುವೆ ಒಂದು ದಾರಿ ಬಿಟ್ಟು, "ನಿನ್ನ ವಿಮಾನ ಇಲ್ಲಿಡೋ, ಪಾಪ ಅದರದ್ದೂ ಕೊನೇ ದಸರಾ" ಅಂದರು. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಚಕ್ಕುಲಿ ಇಸ್ಕೊಂಡು ಸೀದಾ ಅಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ದೊಡ್ಡವರು ಯಾರೂ "ಇದ್ಯಾಕೆ?" ಅನ್ನಲಿಲ್ಲ. ವರ್ಷವಿಡೀ ಅಟ್ಟದಲ್ಲಿ ಜೋಪಾನ ಮಾಡಿ ಹತ್ತು ದಿನ ಗೊಂಬೆ ಜೋಡಿಸುವ ಊರಲ್ಲಿ ನನ್ನ ಹುಚ್ಚು ಅಷ್ಟೇನೂ ವಿಚಿತ್ರವಲ್ಲ. ಈ ಮಾತನ್ನು ಆಫೀಸಿನಲ್ಲೂ ಬಳಸುತ್ತೇನೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಹೇಳಿಕೊಂಡ ಮೇಲೆ ಬೇಡಿಕೆಗಳೂ ಬರುತ್ತವೆ. "ನನ್ನ ಮಗನ ಬರ್ತ್‌ಡೇಗೆ ಒಂದು ಮಾಡಿಕೊಡಿ ಸಾರ್." ಇದಕ್ಕೆ ಇಲ್ಲ ಅನ್ನುವುದನ್ನು ಮೊದಲೇ ನಿರ್ಧರಿಸಿಕೊಂಡಿರಬೇಕು. ನಾನು, "ಕಿಟ್ ತನ್ನಿ, ಭಾನುವಾರ ಅವನನ್ನೂ ಕರ್ಕೊಂಡು ಬನ್ನಿ, ಹೇಳ್ಕೊಡ್ತೀನಿ" ಅನ್ನುತ್ತೇನೆ. ಹೆಚ್ಚಿನವರು ಅಲ್ಲಿಗೆ ಬಿಡುತ್ತಾರೆ.

ಡಿಸ್ಪ್ಯಾಚಿನ ಹುಡುಗನೊಬ್ಬ ಮಾತ್ರ ನಿಜವಾಗಿಯೂ ಬಂದ. ಮಂಡ್ಯದಿಂದ ದಿನಾ ಟ್ರೈನಿನಲ್ಲಿ ಓಡಾಡುವವನು. ಅವನಿಗೆ ಹೇಳಿದ್ದಿಷ್ಟು. ಮೊದಲಿಗೆ 1:72ರ ಒಂಟಿ ಎಂಜಿನ್ ವಿಮಾನ, ಸ್ಪಿಟ್‌ಫೈರ್ ಥರದ್ದು. ಒಳ್ಳೇ ಸೈಡ್ ಕಟ್ಟರ್, ಒಂದು ಚಾಕು, ಸಿಮೆಂಟ್, ಎರಡು ಬ್ರಷ್. ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಈಗಲೇ ಬೇಡ. ಕಿಟಕಿ ತೆಗೆದಿಟ್ಟು ಕೆಲಸ ಮಾಡು, ಥಿನ್ನರ್ ವಾಸನೆ ತಲೆಗೆ ಹತ್ತುತ್ತೆ. ಡೆಕಾಲ್, ಅಂದರೆ ಕಾಗದದ ಚೀಟಿಯ ಮೇಲೆ ಬರುವ ವಿಮಾನದ ಗುರುತುಗಳ ತೆಳು ಚಿತ್ರ, ಅದನ್ನು ಅಂಟಿಸುವುದನ್ನು ಮಾತ್ರ ಕೂರಿಸಿಕೊಂಡು ತೋರಿಸಿದೆ. ಚೀಟಿಯನ್ನು ನೀರಲ್ಲಿ ಅದ್ದಿ ತೆಗೆದು ಸ್ವಲ್ಪ ಕಾಯಬೇಕು. ಬೆರಳಲ್ಲಿ ಮೆಲ್ಲಗೆ ತಳ್ಳಿದಾಗ ಚಿತ್ರ ಜಾರಿತು ಅಂದರೆ ಸಿದ್ಧ. ಆಗ ಕಾಗದವನ್ನು ರೆಕ್ಕೆಯ ಪಕ್ಕಕ್ಕೆ ಹಿಡಿದು, ಒದ್ದೆ ಬ್ರಷ್‌ನಿಂದ ಅದನ್ನು ಜಾರಿಸಿ, ಜಾಗಕ್ಕೆ ಕೂರಿಸಿ ನೀರು ಒತ್ತಿ ತೆಗೆಯಬೇಕು. ಅವನು ಉಸಿರು ಬಿಗಿಹಿಡಿದು ಕೂರಿಸಿದ.

ಈಗ ಅವನ ರೂಮ್‌ಮೇಟುಗಳು "ಹಾರುತ್ತಾ?" ಅಂತ ಕೇಳುತ್ತಾರಂತೆ. ಏನು ಹೇಳಲಿ ಸಾರ್ ಅಂತ ಫೋನ್ ಮಾಡಿದ್ದ. ಸ್ವೀಟ್ ಬಾಕ್ಸ್ ಒಂದು ಎತ್ತಿಟ್ಟುಕೋ ಅಂದೆ.