ಸೇವಾ ಕ್ಲಬ್ ಸೇರಿದಿರಾ? ಕೋಲಾರದಲ್ಲಿ ಮೊದಲ ವರ್ಷ ಹೀಗೆ ನಡೆಸಿ

ರೋಟರಿ ಆಗಲಿ, ಲಯನ್ಸ್ ಆಗಲಿ, ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಕೋಲಾರ ಜಿಲ್ಲೆಯ ವರ್ಷ ಬೇರೆ. ಇಲ್ಲಿ ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಮೇಲೆ ರಾಗಿ ಕೊಯ್ಲು, ಬೇಸಿಗೆ ಬಂದರೆ ಶ್ರೀನಿವಾಸಪುರದ ಕಡೆ ಮಾವು. ಬರೀ ಕ್ಲಬ್ಬಿನ ಕ್ಯಾಲೆಂಡರ್ ನೋಡಿ ಕೆಲಸ ಹಾಕಿಕೊಂಡರೆ ಅರ್ಧ ಕೆಲಸ ತಪ್ಪು ತಿಂಗಳಲ್ಲಿ ಬೀಳುತ್ತದೆ. ಹಾಗಾಗಿ ಇಲ್ಲಿ ಊರಿನ ಕ್ಯಾಲೆಂಡರ್ ಹಿಡಿದೇ ಹೋಗೋಣ.

ಜುಲೈ: ದುಡ್ಡು ಮತ್ತು ಸಮಯ

ಪದಗ್ರಹಣ, ಹಾರ, ಶಾಲು, ಅಧ್ಯಕ್ಷರ ಕಾಲರ್ ಎಲ್ಲ ಮುಗಿದ ಮೇಲೆ ಖಜಾಂಚಿಯ ಪಕ್ಕ ಕೂತು ಎರಡು ವಿಷಯ ಕೇಳಿಕೊಳ್ಳಿ. ವರ್ಷಕ್ಕೆ ಸದಸ್ಯತ್ವ ಶುಲ್ಕ ಒಟ್ಟು ಎಷ್ಟು? ಅದರಲ್ಲಿ ಮೇಲಕ್ಕೆ ಹೋಗುವುದೆಷ್ಟು, ಇಲ್ಲೇ ಉಳಿಯುವುದೆಷ್ಟು? ಅಂತರರಾಷ್ಟ್ರೀಯ ಸಂಸ್ಥೆಗೆ ಹೋಗುವ ಪಾಲನ್ನು ಜುಲೈ ಮತ್ತು ಜನವರಿಯಲ್ಲಿ ಎರಡು ಕಂತಿನಲ್ಲಿ ಕಟ್ಟಬೇಕು.

ಜನರಿಂದ ಸೇವೆಗೆಂದು ಎತ್ತಿದ ಹಣವನ್ನು ಕ್ಲಬ್ಬಿನ ಊಟ, ಬ್ಯಾನರ್, ಬಾಡಿಗೆಗೆ ಬಳಸಬಾರದು. ಎರಡಕ್ಕೂ ಬೇರೆ ಬೇರೆ ಖಾತೆ ಇರಲಿ. ದಾನಿಗಳಿಗೆ ಮೊದಲೇ ಹೇಳಿಬಿಡಿ: 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಒಳ್ಳೆಯದು.

ಸಮಯದ ಲೆಕ್ಕವೂ ಬೇಕು. ಎಲ್ಲ ಸಮಿತಿಗೂ ಹೆಸರು ಕೊಡಬೇಡಿ, ಒಂದೇ ಸಾಕು. ಹೊಸಬರು ಉತ್ಸಾಹದಲ್ಲಿ ಐದು ಸಮಿತಿಗೆ ಕೈ ಎತ್ತುತ್ತಾರೆ, ದೀಪಾವಳಿ ಹೊತ್ತಿಗೆ ಕಾಣೆಯಾಗುತ್ತಾರೆ.

ಆಗಸ್ಟ್, ಸೆಪ್ಟೆಂಬರ್: ಗಿಡ

ಜೂನ್ 5ರ ಪರಿಸರ ದಿನಕ್ಕೆ ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದಿವೆ ಎಂದು ನಮ್ಮ ರಸ್ತೆಬದಿಯಲ್ಲೇ ನೋಡಬಹುದು. ಫೋಟೊ ಬರುತ್ತದೆ, ಮಳೆ ಬರುವುದಿಲ್ಲ. ಗುಂಡಿಯನ್ನು ಮೊದಲೇ ತೋಡಿ ಗೊಬ್ಬರ ಹಾಕಿಡಿ. ನೆಡುವುದನ್ನು ಆಗಸ್ಟ್ ಕೊನೆಗೆ ಇಟ್ಟುಕೊಳ್ಳಿ, ಹಿಂದೆಯೇ ದೊಡ್ಡ ಮಳೆ ಸಿಗುತ್ತದೆ. ಹೊಂಗೆ, ಬೇವು, ನೇರಳೆ ಈ ನೆಲಕ್ಕೆ ಒಗ್ಗುತ್ತವೆ. ಸಂಖ್ಯೆ ಕಡಿಮೆ ಮಾಡಿ, ಉಳಿದ ದುಡ್ಡಲ್ಲಿ ಬೇಲಿ ಹಾಕಿ. ಮುಂದಿನ ಎರಡು ಬೇಸಿಗೆ ಟ್ಯಾಂಕರ್ ನೀರಿಗೂ ಹಣ ಎತ್ತಿಡಿ.

ಜನವರಿ, ಫೆಬ್ರುವರಿ: ಕಣ್ಣಿನ ಶಿಬಿರ

ವರ್ಷದ ದೊಡ್ಡ ಕೆಲಸ ಇದು. ರಾಗಿ ಕೊಯ್ಲು, ಒಕ್ಕಣೆ ನಡೆಯುವಾಗ ಹಳ್ಳಿಯಿಂದ ಯಾರೂ ಬರುವುದಿಲ್ಲ. ಕಣ ಖಾಲಿಯಾಗಲಿ, ಆಮೇಲೆ ದಿನ ಗೊತ್ತು ಮಾಡಿ.

ದಿನಕ್ಕಿಂತ ಮೊದಲು ಆಸ್ಪತ್ರೆ ಗೊತ್ತಾಗಬೇಕು. ಶಿಬಿರದಲ್ಲಿ ತಪಾಸಣೆ ಮಾತ್ರ. ಪೊರೆ ಆಪರೇಷನ್ ಆಸ್ಪತ್ರೆಯಲ್ಲೇ ಆಗಬೇಕು. ಶಾಲೆಯ ಕೊಠಡಿಯಲ್ಲಿ ಮಾಡುತ್ತಿದ್ದ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದಾಯಿತು. ದಿನಕ್ಕೆ ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಬಸ್ಸು ಯಾರದು, ಲೆನ್ಸ್ ಮತ್ತು ಔಷಧಿ ಉಚಿತವೇ, ಇದನ್ನೆಲ್ಲ ಬರಹದಲ್ಲಿ ತೆಗೆದುಕೊಳ್ಳಿ. ಜಿಲ್ಲಾ ಆರೋಗ್ಯ ಇಲಾಖೆಗೂ ತಿಳಿಸಿ.

ಪ್ರಚಾರಕ್ಕೆ ಫ್ಲೆಕ್ಸ್ ಬೇಡ. ಪೊರೆ ಬಂದವರು ಫ್ಲೆಕ್ಸ್ ಓದುತ್ತಾರಾ? ಬೆಳಿಗ್ಗೆ, ಸಂಜೆ ಹಾಲಿನ ಡೇರಿ ಹತ್ತಿರ ನಿಂತು ಹೇಳಿ, ಊರೆಲ್ಲ ಅಲ್ಲಿಗೆ ಬರುತ್ತದೆ. ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ, ಯಾವ ಮನೆಯಲ್ಲಿ ಯಾರಿಗೆ ಕಣ್ಣು ಮಂಜಾಗಿದೆ ಎಂದು ಅವರಿಗೆ ಗೊತ್ತಿರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಬಲ್ಲವರು ತಂಡದಲ್ಲಿ ಇರಲೇಬೇಕು. ಕೆಜಿಎಫ್‌ಗೆ ಹೋದರೆ ತಮಿಳು ಬೇಕು. ಅಜ್ಜಿಗೆ ಅವಳ ಮಾತಲ್ಲಿ ಹೇಳದಿದ್ದರೆ 'ಆಪರೇಷನ್' ಅನ್ನುವ ಒಂದು ಪದಕ್ಕೇ ಹೆದರಿ ಎದ್ದು ಹೋಗುತ್ತಾಳೆ.

ಬರುವವರಿಗೆ ಹೇಳಬೇಕಾದ್ದು: ತಿಂಡಿ ತಿಂದು ಬನ್ನಿ, ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ, ಮಾತ್ರೆ ಚೀಟಿ ಮತ್ತು ಆಧಾರ್ ತನ್ನಿ, ಜೊತೆಗೆ ಒಬ್ಬರು ಇರಲಿ. ಶುಗರ್ ಜಾಸ್ತಿ ಇದ್ದವರನ್ನು ಆವತ್ತು ವಾಪಸ್ ಕಳಿಸುತ್ತಾರೆ. ಅವರ ಹೆಸರು, ಫೋನ್ ನಂಬರ್ ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳಿ. ಶುಗರ್ ಇಳಿದ ಮೇಲೆ ಕರೆದುಕೊಂಡು ಹೋಗುವುದು ನಿಮ್ಮ ಕೆಲಸ.

ಆಪರೇಷನ್ ಆದವರನ್ನು ಬಸ್ಸಿನಿಂದ ಇಳಿಸಿ ಹಣ್ಣು ಕೊಟ್ಟು ಫೋಟೊ ತೆಗೆದರೆ ಮುಗಿಯಲಿಲ್ಲ. ವಾರಗಟ್ಟಲೆ ಕಣ್ಣಿಗೆ ಹನಿ ಹಾಕಬೇಕು. ಡಾಕ್ಟರು ಹೇಳುವವರೆಗೆ ತಲೆಗೆ ನೀರು ಬೀಳಬಾರದು, ಒಲೆ ಹೊಗೆ ಕೂಡದು, ಭಾರ ಎತ್ತಬಾರದು. ಇಲ್ಲೇ ತೊಡಕು ಬರುವುದು. ಮನೆಯಲ್ಲಿ ಎರಡು ಸೀಮೆಹಸು ಕಟ್ಟಿರುವ ಹೆಂಗಸು ಮಾರನೇ ದಿನವೇ ಹುಲ್ಲಿನ ಹೊರೆ ಎತ್ತುತ್ತಾಳೆ. ಆದ್ದರಿಂದ ಆಪರೇಷನ್‌ಗೆ ಮೊದಲೇ ಮನೆಯವರನ್ನು ಕೂರಿಸಿ, ಹಾಲು ಕರೆಯುವವರು ಯಾರು, ಮೇವು ತರುವವರು ಯಾರು ಎಂದು ತೀರ್ಮಾನ ಮಾಡಿಸಿ. ಒಬ್ಬ ಸದಸ್ಯರಿಗೆ ಹತ್ತು ಮನೆ ಹಂಚಿ, ವಾರಕ್ಕೊಮ್ಮೆ ಫೋನ್ ಮಾಡಲಿ. ಕಣ್ಣು ಕೆಂಪಾಗಿದೆ, ನೋವಿದೆ, ದೃಷ್ಟಿ ಕಡಿಮೆಯಾಗಿದೆ ಎಂದರೆ ಅದೇ ದಿನ ಆಸ್ಪತ್ರೆಗೆ ಸಾಗಿಸಿ. ಮರುತಪಾಸಣೆಗೂ ಬಸ್ಸಿನ ಖರ್ಚು ಬಜೆಟ್‌ನಲ್ಲಿ ಇರಲಿ. ಅದಕ್ಕೆ ದುಡ್ಡಿಲ್ಲ ಅಂದರೆ ಶಿಬಿರವನ್ನು ಚಿಕ್ಕದು ಮಾಡಿ.

ಏಪ್ರಿಲ್, ಮೇ: ರಕ್ತ

ಅಕ್ಟೋಬರ್ 1ರ ರಕ್ತದಾನ ದಿನಕ್ಕೆ ಎಲ್ಲರೂ ಶಿಬಿರ ಮಾಡುತ್ತಾರೆ. ಆದರೆ ಕೆಂಪು ರಕ್ತಕಣ ಸುಮಾರು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಕಾಲೇಜಿಗೆ ರಜೆ ಬಂದು ದಾನಿಗಳು ಸಿಗದ ಬೇಸಿಗೆಯಲ್ಲಿ ಮಾಡಿದರೆ ಹೆಚ್ಚು ಉಪಯೋಗ. ರಕ್ತನಿಧಿಯವರನ್ನು ಕೇಳಿ, ಅವರಿಗೆ ಬೇಕಾದಷ್ಟೇ ಸಂಗ್ರಹಿಸಿ. ದಾನಿಗೆ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಬಿಸಿಲು ಏರುವ ಮುನ್ನ ಶುರು ಮಾಡಿ.

ಜೂನ್: ನೋಟ್‌ಬುಕ್ ಮತ್ತು ಫೈಲು

ಹೊಸ ಅಧ್ಯಕ್ಷರು ಬಂದ ಮೇಲೆ ನೋಟ್‌ಬುಕ್ ಹಂಚೋಣ ಎಂದು ಕಾದರೆ ಮಕ್ಕಳಿಗೆ ಪುಸ್ತಕ ಸಿಗುವುದು ಆಗಸ್ಟ್‌ಗೆ. ಅಷ್ಟು ಹೊತ್ತಿಗೆ ಅಪ್ಪ ಸಾಲ ಮಾಡಿ ತಂದುಕೊಟ್ಟಿರುತ್ತಾನೆ. ಹಳೆ ಅಧ್ಯಕ್ಷರ ಅವಧಿಯಲ್ಲೇ, ಶಾಲೆ ತೆರೆದ ವಾರವೇ ಕೊಟ್ಟುಬಿಡಿ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ. ಗೆರೆಯದು ಎಷ್ಟು, ಚೌಕಳಿಯದು ಎಷ್ಟು ಬೇಕು ಎಂದು ಮುಖ್ಯ ಶಿಕ್ಷಕರನ್ನು ಮೇ ತಿಂಗಳಲ್ಲೇ ಕೇಳಿ. ಕವರ್ ಮೇಲೆ ಸದಸ್ಯರ ಫೋಟೊ ಸುಮ್ನೆ ಖರ್ಚು.

ಜೂನ್ 30ರೊಳಗೆ ಒಂದು ಫೈಲು ಕೈ ಬದಲಾಗಬೇಕು. ಅದರಲ್ಲಿ ಎರಡೂ ಖಾತೆಯ ಲೆಕ್ಕ, ಗಿಡ ನೆಟ್ಟ ಜಾಗ ಮತ್ತು ನೀರು ಹಾಕುವವರ ನಂಬರ್, ರಕ್ತದಾನಿಗಳ ಗುಂಪಿನ ಪಟ್ಟಿ, ಶುಗರ್ ಕಾರಣಕ್ಕೆ ಆಪರೇಷನ್ ಆಗದೆ ಉಳಿದವರ ಹೆಸರು ಇರಲಿ. ಹೊಸ ಕಾರ್ಯದರ್ಶಿಗೆ ಸುಮ್ಮನೆ ಕೊಟ್ಟು ಬರಬೇಡಿ. ಪಕ್ಕದಲ್ಲೇ ಕೂತು, ಉಳಿದವರಲ್ಲಿ ಮೊದಲ ಹೆಸರಿಗೆ ಅವರಿಂದಲೇ ಫೋನ್ ಮಾಡಿಸಿ.