ಮುಂದಿನ ಪುಟ ತರುವಾಗ ಸಾಲು ಎಣಿಸಬೇಡಿ, ಎಲ್ಲಿ ನಿಲ್ಲಿಸಿದ್ರಿ ಅಂತ ನೆನಪಿಟ್ಟುಕೊಳ್ಳಿ

ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಎರಡು ಲಕ್ಷ ಬಿಲ್ ಇವೆ. ಸ್ಕ್ರೀನ್ ಮೇಲೆ ಒಂದು ಸಲಕ್ಕೆ 20 ತೋರಿಸಬೇಕು. ಎಲ್ಲರೂ ಮೊದಲು ಬರೆಯುವುದು ಇದನ್ನೇ:

ಸೆಲೆಕ್ಟ್ * ಫ್ರಮ್ ಬಿಲ್ಸ್ ಲಿಮಿಟ್ 20 ಆಫ್‌ಸೆಟ್ 40

(ಓದೋಕೆ ಸುಲಭ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹಾಕಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?)

ಮೊದಲ 40 ಸಾಲು ಬಿಡು, ಆಮೇಲಿನ 20 ಕೊಡು ಅಂತ ಅರ್ಥ. ಅಂದರೆ ಮೂರನೇ ಪುಟ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಈ ಮೂರು ಡೇಟಾಬೇಸ್‌ಗಳಿಗೂ ಇದು ಗೊತ್ತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2012ರ ಆವೃತ್ತಿಯಿಂದ "ಆಫ್‌ಸೆಟ್ 40 ರೋಸ್ ಫೆಚ್ ನೆಕ್ಸ್ಟ್ 20 ರೋಸ್ ಓನ್ಲಿ" ಅಂತ ಬರೆಯಬೇಕು, ಒರಾಕಲ್‌ನಲ್ಲಿ 12ಸಿಯಿಂದ ಇದೇ ಬರಹ ನಡೆಯುತ್ತದೆ.

ಮೇಲಿನ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಹಾಕುವ ಪ್ರಶ್ನೆ) ಒಂದು ತಪ್ಪಿದೆ. ಆರ್ಡರ್ ಬೈ, ಅಂದರೆ ಯಾವ ಕ್ರಮದಲ್ಲಿ ಬೇಕು ಅನ್ನುವ ಮಾತು, ಇಲ್ಲ. ಅದಿಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬೇಕಾದರೂ ಬರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಅದು ಸಾಲಿನ ಹೊಸ ಪ್ರತಿಯನ್ನು ಬರೆಯುತ್ತದೆ, ಹಾಗಾಗಿ ನಿನ್ನೆ ಮೊದಲ ಪುಟದಲ್ಲಿದ್ದ ಬಿಲ್ ಇವತ್ತು ಎಲ್ಲೋ ಕೊನೆಯಲ್ಲಿ ಕಾಣಿಸಿಕೊಳ್ಳಬಹುದು. ಬರೀ ತಾರೀಖಿನ ಮೇಲೆ ಆರ್ಡರ್ ಹಾಕಿದರೂ ಸಾಲದು. ಒಂದೇ ತಾರೀಖಿನ 50 ಬಿಲ್ ಇದ್ದರೆ ಅವುಗಳೊಳಗೆ ಯಾವುದು ಮೊದಲು ಅಂತ ಯಾರೂ ಹೇಳಿಲ್ಲ. ತಾರೀಖಿನ ಜೊತೆಗೆ ಐಡಿಯನ್ನೂ (ಪ್ರತಿ ಬಿಲ್‌ಗೂ ಬೇರೆಯೇ ಇರುವ ಸಂಖ್ಯೆ) ಸೇರಿಸಿ. ಕ್ರಮ ಗಟ್ಟಿಯಾಗುತ್ತದೆ.

ಇಷ್ಟು ಮಾಡಿದ ಮೇಲೂ ಆಫ್‌ಸೆಟ್ ಕೈಕೊಡುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಕಳಿಸದೇ ಉಳಿದ ಬಿಲ್‌ಗಳನ್ನು ರಾತ್ರಿ 500ರಂತೆ ತೆಗೆದು ಈಮೇಲ್ ಮಾಡಿ, "ಕಳಿಸಿದೆ" ಅಂತ ಗುರುತು ಹಾಕಿ, ಆಫ್‌ಸೆಟ್‌ಗೆ 500 ಸೇರಿಸಿ ಮುಂದಿನ ಕಂತು ಕೇಳುವ ಕೋಡ್ ಬರೆದಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧ ಬಿಲ್ ಹೋಗಿಯೇ ಇಲ್ಲ. ಎರರ್ ಕೂಡ ಇಲ್ಲ! ಆಗಿದ್ದಿಷ್ಟೇ: ಮೊದಲ 500ಕ್ಕೆ ಗುರುತು ಬಿದ್ದ ತಕ್ಷಣ ಅವು ಪಟ್ಟಿಯಿಂದ ಹೊರಗೆ ಹೋದವು, ಉಳಿದವು ಮುಂದಕ್ಕೆ ಸರಿದವು, ನನ್ನ ಆಫ್‌ಸೆಟ್ ಆ ಸರಿದು ಬಂದ 500ನ್ನು ಹಾರಿ ಮುಂದೆ ಹೋಯಿತು. ಸ್ಕ್ರೀನ್ ಮೇಲೂ ಇದೇ ಕಥೆ. ನೀವು ಮೊದಲ ಪುಟ ಓದುತ್ತಿರುವಾಗ ಪಟ್ಟಿಯ ಮೇಲ್ತುದಿಗೆ ಹೊಸ ಬಿಲ್ ಸೇರಿದರೆ ಎರಡನೇ ಪುಟದಲ್ಲಿ ಹಳೆಯದೊಂದು ಮತ್ತೆ ಕಾಣುತ್ತದೆ.

ಜೊತೆಗೆ ಇದು ನಿಧಾನ. ಆಫ್‌ಸೆಟ್ 1,00,000 ಅಂದರೆ ಡೇಟಾಬೇಸ್ ಅಷ್ಟು ಸಾಲನ್ನೂ ದಾಟಿ, ಸುಮ್ನೆ ಬಿಸಾಕಿ, ಆಮೇಲೆ ನಿಮ್ಮ 20 ಕೊಡುತ್ತದೆ. ಇಂಡೆಕ್ಸ್ (ಬೇಗ ಹುಡುಕೋಕೆ ಡೇಟಾಬೇಸ್ ಇಟ್ಟುಕೊಳ್ಳುವ ಜೋಡಿಸಿದ ಪಟ್ಟಿ) ಇದ್ದರೂ ಎಣಿಸೋದು ತಪ್ಪುವುದಿಲ್ಲ.

ರೇಷನ್ ಅಂಗಡಿ ಕ್ಯೂ ನೆನಪು ಮಾಡಿಕೊಳ್ಳಿ. ಟೀ ಕುಡಿದು ಬರ್ತೀನಿ ಅಂತ ಹೋಗುವವರು "ನಾನು 41ನೆಯವನು" ಅಂತ ಲೆಕ್ಕ ಇಟ್ಟುಕೊಳ್ಳಲ್ಲ, "ಈ ಅಜ್ಜಿ ಹಿಂದೆ ನಾನು" ಅಂತ ಹೇಳಿ ಹೋಗುತ್ತಾರೆ. ಮುಂದೆ ಯಾರು ತೂರಿಕೊಂಡರೂ ಜಾಗ ತಪ್ಪಲ್ಲ. ಕ್ವೆರಿಯಲ್ಲೂ ಹಾಗೇ ಮಾಡಿ. ಈ ಪುಟದ ಕೊನೆಯ ಬಿಲ್‌ನ ತಾರೀಖು ಮತ್ತು ಐಡಿ ಇಟ್ಟುಕೊಂಡು, ಅದರ ನಂತರದ್ದು ಕೇಳಿ:

ಸೆಲೆಕ್ಟ್ * ಫ್ರಮ್ ಬಿಲ್ಸ್
ವೇರ್ (ತಾರೀಖು, ಐಡಿ) < (ಕೊನೆಯ ತಾರೀಖು, ಕೊನೆಯ ಐಡಿ)
ಆರ್ಡರ್ ಬೈ ತಾರೀಖು ಡೆಸ್ಕ್, ಐಡಿ ಡೆಸ್ಕ್
ಲಿಮಿಟ್ 20

(ಡೆಸ್ಕ್ ಅಂದರೆ DESC, ದೊಡ್ಡದರಿಂದ ಚಿಕ್ಕದಕ್ಕೆ; ಅಂದರೆ ಹೊಸ ಬಿಲ್ ಮೊದಲು.) ಇದಕ್ಕೆ ಕೀಸೆಟ್ ಪೇಜಿನೇಷನ್ ಅನ್ನುತ್ತಾರೆ. ತಾರೀಖು, ಐಡಿ ಎರಡೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ, ಬೇರೆ ಬೇರೆ ಎರಡು ಬೇಡ. ಆಗ ಡೇಟಾಬೇಸ್ ನೇರವಾಗಿ ಆ ಜಾಗಕ್ಕೆ ಹೋಗಿ 20 ಎತ್ತಿಕೊಂಡು ಬರುತ್ತದೆ, ಅದು ಎರಡನೇ ಪುಟವಾದರೂ ಒಂದೇ, ಐದು ಸಾವಿರದ ಪುಟವಾದರೂ ಒಂದೇ. ಆ ಕೊನೆಯ ಬಿಲ್ಲನ್ನು ಯಾರಾದರೂ ಅಳಿಸಿದರೂ ತೊಂದರೆ ಇಲ್ಲ. ನಾವು ಹಿಡಿದಿರುವುದು ತಾರೀಖು ಮತ್ತು ಐಡಿಯನ್ನು, ಸಾಲನ್ನಲ್ಲ. ಅಜ್ಜಿ ಮನೆಗೆ ಹೋದರೂ ಅವರ ಜಾಗ ಗೊತ್ತಿದೆ.

ಎಸ್‌ಕ್ಯೂಎಲ್ ಸರ್ವರ್‌ಗೆ ಈ ಜೋಡಿ ಹೋಲಿಕೆ ಬರಲ್ಲ. ಅಲ್ಲಿ ಬಿಡಿಸಿ ಬರೆಯಬೇಕು: ತಾರೀಖು ಚಿಕ್ಕದಿರಬೇಕು, ಅಥವಾ ತಾರೀಖು ಒಂದೇ ಇದ್ದು ಐಡಿ ಚಿಕ್ಕದಿರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಜೋಡಿ ನಡೆಯುತ್ತದೆ, ಆದರೆ ಇಂಡೆಕ್ಸ್ ಸರಿಯಾಗಿ ಬಳಸುತ್ತಿದೆಯಾ ಅಂತ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ನಡೆಯುತ್ತದೆ ಅಂತ ತೋರಿಸುವ ಆದೇಶ) ಹಾಕಿ ನೋಡಿ.

ಜಾಸ್ತಿ ಜನ ಎಡವುವುದು ಸಮಯದ ಕಾಲಮ್‌ನಲ್ಲಿ. ಪೋಸ್ಟ್‌ಗ್ರೆಸ್ ಸಮಯವನ್ನು ಮೈಕ್ರೋಸೆಕೆಂಡ್‌ವರೆಗೆ ಇಡುತ್ತದೆ, ಜಾವಾಸ್ಕ್ರಿಪ್ಟ್‌ನ ಡೇಟ್ ಮಿಲಿಸೆಕೆಂಡ್‌ಗೇ ನಿಲ್ಲುತ್ತದೆ. ಆ ಸಮಯ ಬ್ರೌಸರ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಕೊನೆಯ ಮೂರು ಅಂಕಿ ಮಾಯ, ಸಾಲುಗಳು ಬಿಟ್ಟುಹೋಗುತ್ತವೆ ಅಥವಾ ಮತ್ತೆ ಬರುತ್ತವೆ. ಅದನ್ನು ಜಾವಾಸ್ಕ್ರಿಪ್ಟ್ ಡೇಟ್ ಆಗಿ ಬದಲಿಸದೆ, ಬಂದ ಹಾಗೇ ಸ್ಟ್ರಿಂಗ್ (ಬರೀ ಪಠ್ಯ) ಆಗಿ ವಾಪಸ್ ಕಳಿಸಿ. ಕಾಲಮ್‌ನಲ್ಲಿ ನಲ್ (ಏನೂ ತುಂಬದ ಜಾಗ) ಇದ್ದರಂತೂ ಹೋಲಿಕೆಯೇ ಕೆಲಸ ಮಾಡಲ್ಲ, ಅಂಥ ಕಾಲಮ್ ಮೇಲೆ ಪುಟ ಕಟ್ಟಬೇಡಿ.

ಹಿಂದಿನ ಪುಟ ಬೇಕಾದರೆ ಈಗಿನ ಪುಟದ ಮೊದಲ ಸಾಲು ಹಿಡಿದು, ಚಿಹ್ನೆ ಮತ್ತು ಕ್ರಮ ಎರಡನ್ನೂ ತಿರುಗಿಸಿ, ಬಂದ 20ನ್ನು ಕೋಡ್‌ನಲ್ಲಿ ಮತ್ತೆ ಉಲ್ಟಾ ಮಾಡಿ ತೋರಿಸಿ.

"ಮುಂದೆ" ಬಟನ್ ತೋರಿಸಬೇಕಾ ಬೇಡವಾ ಅಂತ ತಿಳಿಯೋಕೆ ಒಟ್ಟು ಎಣಿಸಬೇಡಿ. 20ರ ಬದಲು 21 ಕೇಳಿ. 21ನೆಯದು ಬಂದರೆ ಬಟನ್ ಇಡಿ, ಆ ಸಾಲನ್ನು ತೋರಿಸಬೇಡಿ. ದೊಡ್ಡ ಟೇಬಲ್ ಮೇಲೆ ಪ್ರತಿ ಪುಟಕ್ಕೂ ಕೌಂಟ್ ಹಾಕಿದರೆ ಪುಟಕ್ಕಿಂತ ಎಣಿಕೆಯೇ ದುಬಾರಿ ಆಗುತ್ತದೆ.

ಕೀಸೆಟ್‌ನಲ್ಲಿ ನೇರವಾಗಿ 37ನೇ ಪುಟಕ್ಕೆ ಹಾರೋಕೆ ಆಗಲ್ಲ. ಅದು ಬೇಕೇ ಬೇಕು, ಟೇಬಲ್ ಕೂಡ ಒಂದೆರಡು ಸಾವಿರ ಸಾಲಿನದು ಅಂದರೆ ಆಫ್‌ಸೆಟ್ಟೇ ಇರಲಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಪುಟದ ಗಾತ್ರ ಬಳಕೆದಾರರಿಂದ ಬರುತ್ತಿದ್ದರೆ ಅದಕ್ಕೊಂದು ಮಿತಿ ಹಾಕಿ, ನಾನು 100 ಇಡುತ್ತೇನೆ. ಇಲ್ಲದಿದ್ದರೆ ಯಾರೋ ಒಬ್ಬರು ಲಿಮಿಟ್ ಹತ್ತು ಲಕ್ಷ ಅಂತ ಕಳಿಸಿಯೇ ಕಳಿಸುತ್ತಾರೆ.